ರದ್ದಿಗೆ ಹಾಕುವ ಮುನ್ನ: ಸಾಂಗಲಿ, ಮಿರಜದ ಕಾಗದದ ಚರಿತ್ರೆ

ಶಿರಹಟ್ಟಿಯ ಹಳೆಯ ಮನೆಗಳಲ್ಲಿ ಹೊಲದ ಕಾಗದಪತ್ರ ಬಿಚ್ಚಿದರೆ ಸಾಂಗಲಿ ಸಂಸ್ಥಾನದ ಹೆಸರು ಎದುರಾಗುತ್ತದೆ. ಲಕ್ಷ್ಮೇಶ್ವರದಲ್ಲಿ ಮಿರಜ ಸಂಸ್ಥಾನದ ಹೆಸರು. ಶಿರಹಟ್ಟಿ, ತೇರದಾಳ, ಬೆಳಗಾವಿಗೆ ಅಂಟಿಕೊಂಡ ಶಹಾಪುರ 1948ರ ವಿಲೀನದವರೆಗೂ ಸಾಂಗಲಿಯ ಪಟವರ್ಧನರ ಕೈಯಲ್ಲಿದ್ದವು. ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಕಂದಾಯದ ಪಾವತಿಯಿಂದ ಕೋರ್ಟಿನ ಸ್ಟಾಂಪಿನವರೆಗೆ ಕನ್ನಡ ರೈತನ ಸಂಸಾರ ಕೃಷ್ಣೆಯ ದಂಡೆಯ ಆ ಊರುಗಳಿಗೆ ಕಟ್ಟಿಕೊಂಡಿತ್ತು. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿತ್ತು, ಆಡಳಿತ ಎರಡಾಯಿತು. ಟ್ರಂಕಿನೊಳಗಿನ ಕಾಗದ ಮಾತ್ರ ಒಂದೇ ಗಂಟಿನಲ್ಲಿ ಉಳಿಯಿತು.

ಗಡಿಯ ಚರಿತ್ರೆ ಬರೆಯುವವರು ಆಯೋಗಗಳ ವರದಿ ತಿರುವಿ ಹಾಕುತ್ತಾರೆ. ಅದು ಬೇಕು. ಆದರೆ ಈ ಸೀಮೆಯ ಜನ ಹೇಗೆ ಬದುಕಿದರು ಎಂಬುದನ್ನು ಬಲ್ಲವು ನಾಟಕದ ಹ್ಯಾಂಡ್‌ಬಿಲ್ಲು, ಅಡತಿ ಅಂಗಡಿಯ ಪಟ್ಟಿ, ದವಾಖಾನೆಯ ಚೀಟಿ, ಲಗ್ನಪತ್ರಿಕೆಗಳು. ಒಂದು ದಿನದ ಕೆಲಸಕ್ಕೆಂದು ಅಚ್ಚಾದ ಇವು ಸುಳ್ಳು ಹೇಳುವ ಗೋಜಿಗೇ ಹೋಗಿಲ್ಲ.

ಹ್ಯಾಂಡ್‌ಬಿಲ್ಲಿನ ಕಥೆಗೆ ಹೊನ್ನಾವರದ ಕಡೆಯ ಕರ್ಕಿಯಿಂದಲೇ ಹೊರಡಬೇಕು. ಅಲ್ಲಿನ ಭಾಗವತರ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಡಿ ತೋರಿಸಿತು. ಅದನ್ನು ಮೆಚ್ಚಿದ ದೊರೆ ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೂ ಅಂಥದೊಂದು ಆಟ ಕಟ್ಟಲು ಹೇಳಿದರು. ಮರುವರ್ಷ, 1843ರಲ್ಲಿ, ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬವನ್ನು ಇವತ್ತಿಗೂ ನವೆಂಬರ್ 5ರಂದು ಆಚರಿಸುವುದು ಇದೇ ನೆನಪಿನಲ್ಲಿ. ದೊರೆಯ ಅಂಗಳದಲ್ಲಿ ಆಡುವ ಆಟಕ್ಕೆ ಕರಪತ್ರ ಬೇಕಿರಲಿಲ್ಲ. 1853ರಲ್ಲಿ ಭಾವೆಯವರ ಮಂಡಳಿ ಮುಂಬಯಿಯ ಗ್ರ್ಯಾಂಟ್ ರೋಡ್ ರಂಗಮಂದಿರ ಹತ್ತಿದ ಮೇಲೆ ಮಾತು ಬೇರೆಯಾಯಿತು. ಗುರುತಿಲ್ಲದ ಪ್ರೇಕ್ಷಕನನ್ನು ಕಾಸು ಕೊಟ್ಟು ಬರುವಂತೆ ಒಲಿಸಬೇಕಲ್ಲ! ಮುಂದೆ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ಮಂಡಳಿ ಬಂತು. ಸಾಂಗಲಿ ಸಂಸ್ಥಾನದ್ದೇ ಆದ ಶಿರಹಟ್ಟಿಯಿಂದ ವೆಂಕೋಬರಾಯರ ಕನ್ನಡ ಕಂಪನಿ ಹೊರಟಿತು.

ಕಂಪನಿ ಕಾಲದ ಹ್ಯಾಂಡ್‌ಬಿಲ್ಲೊಂದನ್ನು ಬೆಳಕಿಗೆ ಹಿಡಿದು ನೋಡಿ. ಗುಲಾಬಿಯೋ ಹಳದಿಯೋ ಬಣ್ಣದ ತೆಳು ಕಾಗದ. ಮೊಳೆಗಳ ಒತ್ತು ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ. ನೆತ್ತಿಯ ಮೇಲೆ ಮನೆದೇವರ ‘ಪ್ರಸನ್ನ’, ಕೆಳಗೆ ಕಂಪನಿಯ ಉದ್ದನೆಯ ಹೆಸರು. ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ನಾಟಕದ ಹೆಸರು, ಅದರ ಮಗ್ಗುಲಲ್ಲೇ ಸ್ತ್ರೀಪಾತ್ರ ಮಾಡುವ ನಟನದು. ಕೊನೆಗೆ ದರಪಟ್ಟಿ: ಕುರ್ಚಿ, ಬೆಂಚು, ನೆಲ, ಹೆಂಗಸರಿಗೆ ಪ್ರತ್ಯೇಕ. ಆ ಊರಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ಆ ನಾಲ್ಕು ಸಾಲು ತಿಳಿಸಿದಷ್ಟು ಸ್ಪಷ್ಟವಾಗಿ ಯಾವ ಗ್ಯಾಝೆಟಿಯರೂ ತಿಳಿಸದು.

ಕಿರ್ಲೋಸ್ಕರ ಎಂಬ ಹೆಸರು ಇನ್ನೊಂದು ಬಗೆಯ ಕಾಗದಕ್ಕೂ ಸಲ್ಲುತ್ತದೆ. ಅದೇ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, 1910ರಲ್ಲಿ ಕುಂಡಲ ರೋಡ್ ಸ್ಟೇಶನ್ನಿನ ಬಳಿಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಕಬ್ಬಿಣದ ನೇಗಿಲು ಹೂಡಿದರೆ ಮಣ್ಣಿಗೆ ವಿಷ ಏರುತ್ತದೆಂದು ರೈತ ಅಂಜುತ್ತಿದ್ದ ಕಾಲ ಅದು. ಆ ಅಂಜಿಕೆ ಬಿಡಿಸಲು ಪ್ರಾತ್ಯಕ್ಷಿಕೆಯ ಜೊತೆಗೆ ಅಚ್ಚಿನ ಮಾತೂ ಬೇಕಾಯಿತು. 1920ರಲ್ಲಿ ಶುರುವಾದ ‘ಕಿರ್ಲೋಸ್ಕರ ಖಬರ್’ ಕಾರ್ಖಾನೆಯ ಸುದ್ದಿಪತ್ರವಾಗಿ ಹುಟ್ಟಿ ಮರಾಠಿಯ ದೊಡ್ಡ ಮಾಸಿಕವಾಗಿ ಬೆಳೆಯಿತು.

ಅದೇ ಕಾಲಕ್ಕೆ ಕೆನಡಾದ ಬಯಲುಸೀಮೆಯಲ್ಲೂ ನೇಗಿಲು, ಕೊಯ್ಲು ಯಂತ್ರಗಳ ಸಚಿತ್ರ ದರಪಟ್ಟಿಗಳು ಒಕ್ಕಲಿಗರ ಮನೆ ಸೇರುತ್ತಿದ್ದವು. ಈಟನ್ ಅಂಗಡಿಯವರು 1884ರಲ್ಲಿ ಶುರುಮಾಡಿದ ಕ್ಯಾಟಲಾಗು ಅಲ್ಲಿ ಮನೆಮಾತಾಗಿತ್ತು. ಆ ಸೀಮೆಯ ಮುದ್ರಿತ ಸಾಹಿತ್ಯವನ್ನು ಗ್ರಂಥಪಾಲಕ ಬ್ರೂಸ್ ಪೀಲ್ ಪಟ್ಟಿಮಾಡಿ 1956ರಲ್ಲಿ ಪ್ರಕಟಿಸಿದರು. ಅಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಸಂಗ್ರಹವೇ ಇದೆ, ಪೋಸ್ಟ್‌ಕಾರ್ಡುಗಳೂ ಸೇರಿದಂತೆ. ನಾವು ಗಡಿ ಎಳೆದ ವರ್ಷವೇ ಅವರು ಕಾಗದದ ಪಟ್ಟಿ ಪ್ರಕಟಿಸಿದರು ಎನ್ನುವುದು ನನ್ನನ್ನು ಚುಚ್ಚುತ್ತದೆ.

ಮಿರಜಕ್ಕೆ ಕೆನಡಾದ ನಂಟೂ ಉಂಟು. ಒಂಟಾರಿಯೊದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದರು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ‘ಮಿರಜಿಗೆ ಒಯ್ರಿ’ ಎಂದರೆ ರೋಗ ದೊಡ್ಡದೆಂದೇ ಅರ್ಥ. ಅಲ್ಲಿನ ಔಷಧಿ ಚೀಟಿ, ಬಿಲ್ಲುಗಳನ್ನು ಮನೆಯವರು ಗುಣವಾದ ಮೇಲೂ ಎಸೆಯುತ್ತಿರಲಿಲ್ಲ. ಅಲ್ಲಿಗೆ ಹೋಗಲು ಹಿಡಿದ ರೈಲಿನ ದಪ್ಪ ರಟ್ಟಿನ ಟಿಕೇಟು ಮಾತ್ರ ಇಳಿದ ಕೂಡಲೇ ಗೇಟಿನಲ್ಲಿ ಕೊಡಬೇಕಿತ್ತು. ಮೂರು ಗೇಜುಗಳ ಹಳಿ ಕೂಡಿದ್ದ ಜಂಕ್ಷನ್ನಿನ ಆ ಟಿಕೇಟುಗಳು ಇವತ್ತು ಸಂಗ್ರಾಹಕರಿಗೂ ಅಪರೂಪ.

ಇನ್ನೂ ನಿಂತಿಲ್ಲದ ಕಾಗದವೆಂದರೆ ಲಗ್ನಪತ್ರಿಕೆ ಮತ್ತು ಜಾತ್ರೆಯ ಕರಪತ್ರ. ದಾನಮ್ಮದೇವಿಯ ಗುಡ್ಡಾಪುರ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ, ಭಕ್ತರು ಎರಡೂ ಕಡೆಯವರು. ಈ ಭಾಗದ ಲಗ್ನಪತ್ರಿಕೆಯಲ್ಲಿ ಬೀಗರ ಊರು ಗಡಿಯಾಚೆ ಇದ್ದರೆ ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಮರಾಠಿ. ಅಕ್ಷತಾರೋಪಣದ ಹೊತ್ತು ಮಾತ್ರ ಎರಡರಲ್ಲೂ ಒಂದೇ.

ಇವು ಉಳಿಯುವುದು ಸುಲಭವಲ್ಲ. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಸಾಂಗಲಿಯೊಳಗೆ ನುಗ್ಗಿತು. 2019ರ ನೀರು 1869ರಷ್ಟು ಹಳೆಯ ನಗರ ವಾಚನಾಲಯವನ್ನೂ ಬಿಡಲಿಲ್ಲ. ಗ್ರಂಥಾಲಯದ ಗತಿಯೇ ಹಾಗಾದರೆ ಅಟ್ಟದ ಮೇಲಿನ ಗಂಟಿನ ಮಾತೇನು? ಹೊಳೆ ಬಿಟ್ಟದ್ದನ್ನು ರದ್ದಿಯವರ ತಕ್ಕಡಿ ಒಯ್ಯುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೆಯ ಗಂಟನ್ನು ಹಾಗೇ ತೂಕಕ್ಕೆ ಹಾಕಬೇಡಿ. ಟಾಚಣಿ ತೆಗೆಯಿರಿ, ಲ್ಯಾಮಿನೇಶನ್ ಮಾಡಿಸಬೇಡಿ, ಟೇಪು ಹಚ್ಚಬೇಡಿ. ಎರಡೂ ಮಗ್ಗುಲಿನ ಫೋಟೊ ತೆಗೆದು, ಯಾರ ಮನೆಯದು, ಯಾವ ಊರಿನದು, ಯಾವ ವರ್ಷದ್ದು ಎಂದು ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಕೇಳಿದರೆ ಹೇಳುವ ಹಿರಿಯರು ಇರುವಾಗಲೇ ಆ ಕೆಲಸ ಆಗಬೇಕು.