ಭುಜಕ್ಕೆ ಪೆಟ್ಟಾದಾಗ ಸತಿಪತಿಗಳು ತಿಳಿದಿರಬೇಕಾದ ವಿಷಯಗಳು

ದುಡಿದು ಬಾಳುವ ಸಂಸಾರಕ್ಕೆ ಕೈಯೇ ಆಸ್ತಿ. ಗುದ್ದಲಿ ಎತ್ತುವುದಕ್ಕೂ, ನೀರು ಸೇದುವುದಕ್ಕೂ, ಮಗುವನ್ನು ಎತ್ತಿಕೊಳ್ಳುವುದಕ್ಕೂ ಭುಜದ ಕೀಲು ಸುಸ್ಥಿತಿಯಲ್ಲಿರಬೇಕು. ತೋಳಿನ ಮೂಳೆಯ ಗುಂಡಾದ ತಲೆಯು ಆಳವಿಲ್ಲದ ಬಟ್ಟಲಿನಂಥ ಗುಳಿಯಲ್ಲಿ ಕುಳಿತಿರುತ್ತದೆ. ಆದುದರಿಂದಲೇ ಭುಜವು ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ಕಾರಣದಿಂದಲೇ ಸುಲಭವಾಗಿ ಜಾರಲೂ ಜಾರುತ್ತದೆ.

ಕೃಷ್ಣರಾಜಪುರದ ಸುತ್ತಣ ಊರುಗಳಿಂದ ದ್ವಿಚಕ್ರ ವಾಹನದಲ್ಲಿ ನಗರಕ್ಕೆ ಬರುವವರು, ಕಟ್ಟಡದ ಕೆಲಸ ಮಾಡುವವರು, ಮೂಟೆ ಹೊರುವವರು ಬಿದ್ದಾಗ ಸಾಮಾನ್ಯವಾಗಿ ಆಗುವ ಪೆಟ್ಟುಗಳು ಮೂರು:

1. ಕೀಲು ಜಾರುವುದು. ಭುಜದ ದುಂಡು ಆಕಾರ ಹೋಗಿ ಚಪ್ಪಟೆಯಾಗಿ ಕಾಣುತ್ತದೆ. ಕೈ ಅಲುಗಿಸಲು ಆಗುವುದಿಲ್ಲ.

2. ಕೊರಳೆಲುಬು ಮುರಿಯುವುದು. ಕತ್ತಿನ ಕೆಳಗೆ ಊತ ಅಥವಾ ಉಬ್ಬು ಕಾಣುತ್ತದೆ.

3. ಕೀಲನ್ನು ಹಿಡಿದಿಡುವ ತಂತುಗಳು ಹರಿಯುವುದು. ಬಿದ್ದ ಬಳಿಕ ಕೈಯನ್ನು ಮೇಲೆತ್ತುವ ಶಕ್ತಿ ಕುಂದುತ್ತದೆ. ಇದು ಎಕ್ಸ್‌ರೇ ಚಿತ್ರದಲ್ಲಿ ನೇರವಾಗಿ ಕಾಣದು.

ಪೆಟ್ಟಾದ ಕೂಡಲೇ ಬಳೆ, ಉಂಗುರಗಳನ್ನು ತೆಗೆಯಿರಿ. ಕೈ ನೋಯದೆ ಇರುವ ಭಂಗಿಯಲ್ಲೇ ಪಂಚೆ ಅಥವಾ ಸೀರೆಯ ತುಂಡಿನಿಂದ ಜೋಳಿಗೆ ಕಟ್ಟಿ ಕತ್ತಿಗೆ ತೂಗುಹಾಕಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಬಹುದು. ಅರಿವಳಿಕೆ ಬೇಕಾಗಬಹುದಾದುದರಿಂದ ವೈದ್ಯರು ನೋಡುವವರೆಗೆ ಊಟ ಬೇಡ.

ಜಾರಿದ ಕೀಲನ್ನು ಎಳೆದು ಕೂಡಿಸಲು ಯಾರಿಗೂ ಬಿಡಕೂಡದು. ಮೂಳೆಯೂ ಮುರಿದಿದ್ದರೆ ಎಳೆತದಿಂದ ನರ, ರಕ್ತನಾಳಗಳಿಗೆ ಹಾನಿಯಾಗುವ ಭಯವುಂಟು. ಎಣ್ಣೆ ಹಾಕಿ ನೀವುವುದೂ, ಬಿಗಿಯಾದ ಕಟ್ಟು ಕಟ್ಟಿಸುವುದೂ ಸಲ್ಲದು. ಅದೇ ದಿನ ವೈದ್ಯರು ಎಕ್ಸ್‌ರೇ ನೋಡಿ ಕೂಡಿಸಿದರೆ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ವಾರಗಟ್ಟಲೆ ತಡವಾದರೆ ಅದೇ ಕೀಲಿಗೆ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು.

ಭುಜದ ಆಕಾರ ಕೆಟ್ಟಿದ್ದರೆ, ಬೆರಳುಗಳು ಜೋಮು ಹಿಡಿದಿದ್ದರೆ ಅಥವಾ ತಣ್ಣಗಾಗಿದ್ದರೆ, ಗಾಯದಲ್ಲಿ ಮೂಳೆ ಕಂಡರೆ ತಡಮಾಡದೆ ಹೊರಡಿರಿ. ಪೆಟ್ಟಿಲ್ಲದೆಯೇ ಭುಜ ನೋಯುತ್ತ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದು ಹೃದಯಾಘಾತವಿರಬಹುದು, 108ಕ್ಕೆ ಕರೆಮಾಡಿರಿ.

ಈ ಭಾಗದವರಿಗೆ ಕೃಷ್ಣರಾಜಪುರದ ಸಾರ್ವಜನಿಕ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಎಂಬ ಸರ್ಕಾರಿ ಆಸ್ಪತ್ರೆಗಳಿವೆ. ಪಡಿತರ ಚೀಟಿ, ಆಧಾರ್ ಚೀಟಿ ಜೊತೆಗಿರಲಿ. ಆದರೆ ಅವನ್ನು ಹುಡುಕುತ್ತ ಹೊತ್ತು ಕಳೆಯಬೇಡಿರಿ.

ಬೀಳದೆಯೂ ಭುಜ ಕೆಡುವುದುಂಟು. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಕೀಲು ಮೆಲ್ಲಮೆಲ್ಲನೆ ಬಿಗಿದುಕೊಳ್ಳುತ್ತದೆ. ತಲೆ ಬಾಚಲು, ರವಿಕೆ ತೊಡಲು ಕಷ್ಟವಾಗುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಮನೆಗೆಲಸದ ನಡುವೆ ಗೃಹಿಣಿಯು ಇದನ್ನು ಹೇಳಿಕೊಳ್ಳದೆ ಸಹಿಸುವುದೇ ಹೆಚ್ಚು. ನೋವು ಎರಡು ಮೂರು ವಾರ ಬಿಡದಿದ್ದರೆ ಪತಿಯೇ ಮುಂದಾಗಿ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಬೇಕು. ವೈದ್ಯರು ಕಲಿಸಿದ ವ್ಯಾಯಾಮವನ್ನು ಆಕೆ ದಿನವೂ ಮಾಡುವಂತೆ, ಅಷ್ಟು ಕಾಲ ಕೊಡ ಹೊರುವ ಕೆಲಸವನ್ನು ತಾನೇ ವಹಿಸಿಕೊಳ್ಳುವುದು ಪತಿಯ ಕರ್ತವ್ಯವೆಂದು ತಿಳಿಯತಕ್ಕದ್ದು.