‘ಸ್ಕ್ಯಾನರ್ ಇಲ್ಲ, ಕ್ಯಾಶ್ ಕೊಡಿ’

ಅರ್ಧ ಲೀಟರ್ ಹಾಲು, ಒಂದು ಪ್ಯಾಕೆಟ್ ಬಿಸ್ಕತ್ತು. ಜೇಬಿನಲ್ಲಿ ಮೊಬೈಲ್ ಬಿಟ್ಟರೆ ಇನ್ನೇನೂ ಇರಲಿಲ್ಲ. 2025ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಬೆಂಗಳೂರಿನ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ಎಂದಿನಂತೆ ಮೊಬೈಲ್ ಎತ್ತಿದೆ. ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಿದ್ದರು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಸ್ಕ್ಯಾನರ್ ಇಲ್ಲ, ಕ್ಯಾಶ್ ಕೊಡಿ’ ಎಂದು ಬರೆದಿತ್ತು.

“ಏನಣ್ಣ ಇದು?”

“ಟ್ಯಾಕ್ಸ್‌ನೋರು ನೋಟಿಸ್ ಕೊಡ್ತಾವ್ರೆ ಸಾರ್.”

“ನಿಮಗೂ ಬಂತಾ?”

“ಇಲ್ಲ. ಬರೋ ತನಕ ಯಾಕೆ ಕಾಯೋದು ಅಂತ.”

ಹಾಸನದ ಕಡೆಯ ಮನುಷ್ಯ. ಹಾಲು, ಬಿಸ್ಕತ್ತು ಕೊಟ್ಟು, “ಸಾಯಂಕಾಲ ಕೊಡಿ, ಎಲ್ಲಿಗ್ ಓಡೋಗ್ತೀರಾ” ಎಂದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ರಿ ಪುಸ್ತಕವೊಂದು ಹೊಸದಾಗಿ ಬಂದು ಕೂತಿತ್ತು. ಅದನ್ನು ನಾನು ಆ ಅಂಗಡಿಯಲ್ಲಿ ನೋಡಿ ಐದಾರು ವರ್ಷವಾಗಿತ್ತು.

ಆ ತಿಂಗಳು ಇಂಥ ಕಾಗದಗಳು ಬೆಂಗಳೂರಿನ ಬೀದಿಬೀದಿಯಲ್ಲಿ ಕಾಣಿಸಿಕೊಂಡವು. ಬೇಕರಿ, ಟೀ ಅಂಗಡಿ, ಬೀಡಾ ಸ್ಟಾಲು, ತಳ್ಳುಗಾಡಿ ಎಲ್ಲ ಕಡೆಯೂ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ನಾಲ್ಕು ವರ್ಷಗಳ ಮಾಹಿತಿ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದೆಯೂ ಮಿತಿ ಮೀರಿ ಹಣ ಪಡೆದವರಿಗೆ ಸಾವಿರಗಟ್ಟಲೆ ನೋಟಿಸ್ ಕಳಿಸಿತ್ತು. ಜಗತ್ತಿನ ಸಾಫ್ಟ್‌ವೇರ್ ಕೆಲಸವನ್ನೆಲ್ಲ ಗುತ್ತಿಗೆ ಹಿಡಿದ ಊರಿನಲ್ಲಿ ಜನ ಎಟಿಎಂ ಮುಂದೆ ಸಾಲು ನಿಂತರು. ನಾನೂ ನಿಂತೆ. ಮಷೀನು ಐನೂರರ ನೋಟು ಮಾತ್ರ ಉಗುಳಿತು. ಐನೂರಕ್ಕೆ ಚಿಲ್ಲರೆ ಕೇಳಿ ಬೈಸಿಕೊಳ್ಳುವ ಹಳೆಯ ಸುಖವೂ ಮರಳಿ ಬಂತು.

ಈ ಸ್ಕ್ಯಾನರ್ ಅಂಗಡಿಗೆ ಬಂದದ್ದು ಹೇಗೆ ಎಂಬುದನ್ನು ನೆನಪಿಸಿಕೊಂಡರೆ ವ್ಯಾಪಾರಿಯ ಸಿಟ್ಟು ಅರ್ಧ ಅರ್ಥವಾಗುತ್ತದೆ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಆ ವರ್ಷ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಡಿಸೆಂಬರ್ ಕೊನೆಗೆ ಭೀಮ್ ಆ್ಯಪ್ ಬಂತು. 2020ರ ಜನವರಿಯಿಂದ ಯುಪಿಐ ಹಣ ಪಡೆಯಲು ವ್ಯಾಪಾರಿ ಶುಲ್ಕ ಕಟ್ಟಬೇಕಿಲ್ಲ ಎಂದಾಯಿತು. ಅದೇ ವರ್ಷ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂತು. ಡಿಜಿಟಲ್ ಆಗಿ ಹಣ ಪಡೆದರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಎಂಬ ಆಸೆಯೂ ಅದರ ಜೊತೆಗಿತ್ತು. ಆದಾಯ ತೆರಿಗೆಯವರೂ ಹಿಂದೆ ಬೀಳಲಿಲ್ಲ: ಸಣ್ಣ ವ್ಯಾಪಾರದ ಲಾಭವನ್ನು ಅಂದಾಜಿನಲ್ಲಿ ಲೆಕ್ಕ ಹಾಕುವಾಗ ನಗದು ವಹಿವಾಟಿಗೆ ಶೇ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಎಂದರು. ಸರ್ಕಾರ ಎಲ್ಲ ಬಾಗಿಲಿಂದಲೂ ‘ಸ್ಕ್ಯಾನರ್ ಇಡಪ್ಪ’ ಎಂದಿತು. ಅವನು ಇಟ್ಟ. ಮೇಲೊಂದು ಸೌಂಡ್‌ಬಾಕ್ಸ್ ತಂದು, ಅದಕ್ಕೆ ತಿಂಗಳ ಬಾಡಿಗೆಯನ್ನೂ ಕಟ್ಟಿದ.

ಚಿಲ್ಲರೆ ಬದಲಿಗೆ ಚಾಕೊಲೇಟ್ ಕೊಡುವ ಕಾಟ ತಪ್ಪಿತು, ಖೋಟಾ ನೋಟಿನ ಭಯ ತಪ್ಪಿತು, ಗಲ್ಲಾದಿಂದ ಹುಡುಗರು ದುಡ್ಡು ಎತ್ತುವ ಅನುಮಾನವೂ ಕಮ್ಮಿಯಾಯಿತು. “ಹಾಕಿದೀನಿ ಅಣ್ಣ, ಬಂತಾ?”, “ಬಂತು” ಎಂಬಷ್ಟರಲ್ಲಿ ವ್ಯಾಪಾರ ಮುಗಿಯತೊಡಗಿತು. ಬಿಲ್ ಎಂಬ ಪದ ಆ ಮಾತುಕತೆಯಲ್ಲಿ ಒಮ್ಮೆಯೂ ಬರಲಿಲ್ಲ. ನಾನೂ ಕೇಳಿದವನಲ್ಲ.

ಇನ್ನು ಕಾನೂನು. ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. 40 ಲಕ್ಷ ಎಂದರೆ ಕಿವಿಗೆ ಶ್ರೀಮಂತಿಕೆಯಂತೆ ಕೇಳುತ್ತದೆ. ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 11 ಸಾವಿರ. ಹಾಲು, ಬಿಸ್ಕತ್ತು, ನೀರಿನ ಬಾಟಲಿ ಮಾರುವ ಮೂಲೆ ಅಂಗಡಿ ಮಧ್ಯಾಹ್ನದೊಳಗೆ ಅಷ್ಟು ಮುಟ್ಟಬಹುದು. ಹೋಟೆಲು, ಟೀ ಅಂಗಡಿಗಳು ಕಾನೂನಿನ ಕಣ್ಣಿಗೆ ಸೇವೆ. 15 ರೂಪಾಯಿಯ ಟೀ ಮಾರುವವರು ವರ್ಷಪೂರ್ತಿ ದಿನಕ್ಕೆ 365 ಲೋಟ ಮಾರಿದರೆ 20 ಲಕ್ಷಕ್ಕೆ ಎರಡು ಸಾವಿರದಷ್ಟು ಕಡಿಮೆ ಬೀಳುತ್ತದೆ. 366 ಲೋಟ ಆಯಿತೋ, ಗೆರೆ ದಾಟಿದರು. ಆಫೀಸುಗಳ ಹತ್ತಿರದ ಟೀ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ, 366 ದೊಡ್ಡ ಸಂಖ್ಯೆಯಲ್ಲ.

ಗೆರೆ ದಾಟಿದ ಮಾತ್ರಕ್ಕೆ ಮುಳುಗಿಹೋಗುವಂಥದ್ದೂ ಇಲ್ಲ, ಸಮಯಕ್ಕೆ ನೋಂದಣಿಯಾಗಿದ್ದರೆ. ನಮ್ಮ ಅಂಗಡಿಯವರ ಜೊತೆ ಕೂತು ಹಾಕಿದ ಲೆಕ್ಕ ಇದು. ಸುಲಭವಾಗಲಿ ಎಂದು ಬಿಸ್ಕತ್ತಿನ ದೊಡ್ಡ ಪ್ಯಾಕೆಟ್ಟೊಂದರ ಎಂಆರ್‌ಪಿ 118 ರೂಪಾಯಿ ಎಂದಿಟ್ಟುಕೊಂಡೆವು. ಆಗ ಬಿಸ್ಕತ್ತಿನ ಜಿಎಸ್‌ಟಿ ಶೇ 18. ಡಿಸ್ಟ್ರಿಬ್ಯೂಟರ್‌ನಿಂದ ಅದನ್ನು ಅವರು 90 ರೂಪಾಯಿ ಬೆಲೆ, 16.20 ತೆರಿಗೆ, ಒಟ್ಟು 106.20ಕ್ಕೆ ತರುತ್ತಾರೆ. ಮಾರಿದಾಗ ಕೈಗೆ ಬರುವುದು 11.80. ನೋಂದಣಿ ಇದ್ದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದು ಸರ್ಕಾರಕ್ಕೆ ಕಟ್ಟಬೇಕಾದದ್ದು 1.80. ಒಂದೂವರೆ ಕೋಟಿ ವಹಿವಾಟಿನವರೆಗಿನ ವ್ಯಾಪಾರಿಗಳಿಗೆ ಇರುವ ರಾಜಿ ತೆರಿಗೆ, ಎಲ್ಲರ ಬಾಯಲ್ಲಿ ‘ಕಾಂಪೊಸಿಷನ್’, ಆರಿಸಿಕೊಂಡಿದ್ದರೆ ಶೇ 1ರಂತೆ 1.18. ನೋಂದಣಿಯನ್ನೇ ಮಾಡಿಸದೆ ನಾಲ್ಕು ವರ್ಷದ ಮೇಲೆ ಸಿಕ್ಕಿಬಿದ್ದರೆ? ಕಾಂಪೊಸಿಷನ್ ಹಿಂದಿನ ವರ್ಷಗಳಿಗೆ ಅನ್ವಯಿಸುವುದಿಲ್ಲ, ಹಳೆಯ ಖರೀದಿಯ ತೆರಿಗೆ ಕಳೆಯುವ ದಾರಿಯೂ ಸಾಮಾನ್ಯವಾಗಿ ಇಲ್ಲ. ಬಂದ ಹಣಕ್ಕೆಲ್ಲ ಶೇ 18 ಎಂದು ನೋಟಿಸ್ ಬಂದರೆ ಅದೇ ಪ್ಯಾಕೆಟ್ಟಿಗೆ 21.24 ರೂಪಾಯಿ. ದುಡಿದದ್ದು 11.80, ಕೇಳಿದ್ದು 21.24. ಬಡ್ಡಿ, ದಂಡ ಬೇರೆ.

ಲೆಕ್ಕ ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಕಂಪ್ನಿಯೋರು ಕಟ್ಟಿಲ್ವಾ ಸಾರ್ ಆಗ್ಲೇ?” ಎಂದರು. ಆ ತಿಂಗಳು ಎಲ್ಲ ಅಂಗಡಿಗಳಲ್ಲೂ ಕೇಳಿಬಂದ ಪ್ರಶ್ನೆ ಅದೇ. ಕಾನೂನು ಬಲ್ಲವರು ನಗಬಹುದು, ಆದರೆ ಪ್ರಶ್ನೆ ದಡ್ಡತನದ್ದಲ್ಲ. 118ರಲ್ಲಿ 16.20 ಸರ್ಕಾರಕ್ಕೆ ಆಗಲೇ ಹೋಗಿದೆ.

ಎಲ್ಲರ ಬಾಯಿಗೆ ಬಿದ್ದದ್ದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ. ನಾಲ್ಕು ವರ್ಷದಲ್ಲಿ ಅವರ ಖಾತೆಗೆ 1.63 ಕೋಟಿ ರೂಪಾಯಿ ಬಂದಿದೆ, 29 ಲಕ್ಷ ಕಟ್ಟಿ ಎಂದು ನೋಟಿಸ್. 1.63 ಕೋಟಿಗೆ 29 ಲಕ್ಷ ಎಂದರೆ ಹೆಚ್ಚುಕಡಿಮೆ ಶೇ 18. ರೈತರಿಂದ ತಂದು ಹಾಗೇ ಮಾರುವ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರು ಕೋಟಿ ದಾಟಿದರೂ ನೋಂದಣಿ ಬೇಕಿಲ್ಲ. ಖಾತೆಗೆ ಬಂದ ದುಡ್ಡು ಟೊಮೆಟೊದ್ದೋ ಟಿವಿಯದ್ದೋ ಎಂದು ಯುಪಿಐ ಹೇಳುವುದಿಲ್ಲ. ಹೇಳದ್ದನ್ನು ಇಲಾಖೆ ಊಹಿಸಿಕೊಂಡಿತು.

ನನ್ನ ತಕರಾರು ಇರುವುದು ಇಲ್ಲೇ. ಹಳೇ ಮಂಡಿಯ ಗುಮಾಸ್ತರು ಕಿರ್ದಿ ಬರೆಯುವಾಗ ಜಮಾ ಎಲ್ಲವನ್ನೂ ವ್ಯಾಪಾರ ಎನ್ನುತ್ತಿರಲಿಲ್ಲ. ಕೈಸಾಲ ತಂದದ್ದೂ ಜಮಾ, ಚೀಟಿ ಎತ್ತಿದ್ದೂ ಜಮಾ, ಮಾವನ ಮನೆಯಿಂದ ಬಂದದ್ದೂ ಜಮಾ. ಪ್ರತಿಯೊಂದಕ್ಕೂ ಬೇರೆ ಬಾಬ್ತು. ನಮ್ಮ ಅಂಗಡಿಯವರಿಗೆ ಇರುವುದು ಒಂದೇ ಖಾತೆ, ಒಂದೇ ಮೊಬೈಲ್ ನಂಬರು. ಮಗಳ ಕಾಲೇಜು ಫೀಸಿಗೆ ತಂಗಿ ಕಳಿಸಿದ ಹಣ, ತಿಂಗಳ ಚೀಟಿಯ ಹಣ ಎಲ್ಲ ಆ ಒಂದೇ ಕೋಡಿನಲ್ಲಿ ಬಿದ್ದಿವೆ. ಎಟಿಎಂನಲ್ಲಿ ದುಡ್ಡು ಸಿಗದೆ ನಾನೇ ಒಮ್ಮೆ ಅವರಿಗೆ 2,000 ಹಾಕಿ ನಗದು ಇಸಿದುಕೊಂಡಿದ್ದೆ. ಪಾಸ್‌ಬುಕ್ಕನ್ನು ಕಿರ್ದಿಯೆಂದು ಓದಿದರೆ ಆ 2,000ಕ್ಕೂ ಬಿಸ್ಕತ್ತಿನ ತೆರಿಗೆ.

ಹಾಗೆಂದು ಇಲಾಖೆಯ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ನೋಟಿಸ್ ಅಂತಿಮ ಆದೇಶವಲ್ಲ, ದಾಖಲೆ ತೋರಿಸಿ ಉತ್ತರ ಕೊಡಿ ಎಂದು ಅದು ಹೇಳಿತು. ಹಣ ಯುಪಿಐನಲ್ಲಿ ಬಂದರೂ ನಗದಾಗಿ ಬಂದರೂ ತೆರಿಗೆ ಒಂದೇ, ಸ್ಕ್ಯಾನರ್ ಕಿತ್ತರೆ ಪ್ರಯೋಜನವಿಲ್ಲ ಎಂದೂ ಹೇಳಿತು. ಎರಡೂ ನಿಜ. ಪಕ್ಕದ ಬೀದಿಯಲ್ಲಿ ನೋಂದಣಿ ಮಾಡಿಸಿ, ಅಕೌಂಟೆಂಟ್‌ಗೆ ದುಡ್ಡು ಕೊಟ್ಟು, ರಿಟರ್ನ್ಸ್ ಸಲ್ಲಿಸುವ ಬೇಕರಿಯವನೂ ಇದ್ದಾನೆ. ಅವನ ಹೊಟ್ಟೆಯುರಿಯನ್ನು ಆ ತಿಂಗಳು ಯಾರೂ ಕೇಳಲಿಲ್ಲ. ತಿಳಿದೂ ತಿಳಿದೂ ಗೆರೆಯ ಆಚೆ ಕೂತ ‘ಸಣ್ಣ’ ಅಂಗಡಿಗಳೂ ನಮ್ಮ ನಡುವೆ ಉಂಟು. ಆದರೆ ನಾಲ್ಕು ವರ್ಷ ಸುಮ್ಮನಿದ್ದು ಒಂದೇ ಸಲ ಲೆಕ್ಕ ಕೇಳುವುದು ಯಾವ ನ್ಯಾಯ? ಮೊದಲ ವರ್ಷವೇ ‘ಅಪ್ಪಾ, ನಿನ್ನ ಖಾತೆ ಗೆರೆ ಹತ್ತಿರ ಬಂದಿದೆ’ ಎಂದು ಆ ಮೊಬೈಲಿಗೇ ಒಂದು ಸಂದೇಶ ಕಳಿಸಿದ್ದರೆ 1.18ರಲ್ಲಿ ಮುಗಿಯುತ್ತಿತ್ತು.

ರಾಜಕೀಯ ಎಂದಿನಂತೆ ನಡೆಯಿತು: ಜಿಎಸ್‌ಟಿ ಕೇಂದ್ರದ್ದು ಎಂದರು ಇವರು, ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದರು ಅವರು. ವ್ಯಾಪಾರಿ ಸಂಘಗಳು ಹಾಲು ಮಾರುವುದಿಲ್ಲ ಎಂದವು, ಜುಲೈ 25ಕ್ಕೆ ಬಂದ್ ಎಂದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಘಗಳವರನ್ನು ಕರೆಸಿ ಸಭೆ ಮಾಡಿದರು. ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕಿಗೆ ತೆರಿಗೆ ಕೇಳುವುದಿಲ್ಲ, ಸಾಲ ಮತ್ತು ಸ್ವಂತದ ಹಣಕ್ಕೂ ಇಲ್ಲ, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಮನ್ನಾ ಎಂಬ ಭರವಸೆ ಸಿಕ್ಕಿತು. ಕಾಗದಗಳು ಒಂದೊಂದಾಗಿ ಇಳಿದವು. ಹಾಲಿಗೆ ತೆರಿಗೆ ಇಲ್ಲದಿದ್ದರೂ ಬಿಸ್ಕತ್ತಿನ ಜೊತೆಗೆ ಅದನ್ನೂ ಮಾರುವವರ 40 ಲಕ್ಷದ ಲೆಕ್ಕಕ್ಕೆ ಹಾಲಿನ ವಹಿವಾಟೂ ಸೇರುತ್ತದೆ. ಈ ಸೂಕ್ಷ್ಮವನ್ನು ಅಂಗಡಿಯವರಿಗೆ ವಿವರಿಸುವ ಸಾಹಸ ನಾನು ಮಾಡಿದೆ. “ತೆರ್ಗೆ ಇಲ್ಲ, ಆದ್ರೆ ಲೆಕ್ಕಕ್ಕುಂಟು. ಆಟಕ್ಕಿಲ್ದೋನ್ ಥರ” ಎಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಅಂಗಡಿಗೆ ಸ್ಕ್ಯಾನರ್ ವಾಪಸ್ ಬಂದಿತ್ತು. ಒಂದಲ್ಲ, ಎರಡು. ಎಡಗಡೆಯದು ಹಾಲಿಗೆ, ಬಲಗಡೆಯದು ಉಳಿದದ್ದಕ್ಕೆ. ಪರಿಚಯದ ಅಕೌಂಟೆಂಟ್ ಹುಡುಗನ ಸಲಹೆಯಂತೆ. ಹಾಲಿಗೆ ಎಡಗಡೆ ಸ್ಕ್ಯಾನ್ ಮಾಡಿದೆ, ಬಿಸ್ಕತ್ತಿಗೆ ಬಲಗಡೆ. ಹಿಂದೆ ನಿಂತಿದ್ದ ಹೆಂಗಸು ಮೊಸರಿನ ಪ್ಯಾಕೆಟ್ ಹಿಡಿದು, “ಅಣ್ಣ, ಇದಕ್ಕೆ ಯಾವುದು?” ಎಂದರು. 2022ರ ಜುಲೈಯಿಂದ ಪ್ಯಾಕೆಟ್ ಮೊಸರಿಗೆ ಶೇ 5 ತೆರಿಗೆ ಇದೆ. ಅಂಗಡಿಯವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, “ಕ್ಯಾಶ್ ಇದ್ಯಾ ಅಕ್ಕ?” ಎಂದರು.