ಏರ್ ಕ್ಲೀನರ್ ಬದಲಿಸಿದ ಮೇಲೆ ಟ್ರ್ಯಾಕ್ಟರ್ ಸೊರಗಿದರೆ

ಟ್ರ್ಯಾಕ್ಟರಿನ ಹಳೆಯ ಏರ್ ಕ್ಲೀನರ್ ತುಕ್ಕು ಹಿಡಿದು ತೂತಾದಾಗ ಅನೇಕ ರೈತರು ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಬೇರೆ ತಯಾರಿಕೆಯದನ್ನು ಹಾಕಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವೇ ದಿನಗಳಲ್ಲಿ ಇಂಜಿನ್ನು ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ ಎಂಬ ದೂರು ಕೇಳಿಬರುವುದುಂಟು. ಆಗ ಡೀಸೆಲ್ ಪಂಪಿನ ಸೀಲು ಒಡೆದು ಡೀಸೆಲ್ ಹೆಚ್ಚಿಸುವ ರೂಢಿಯಿದೆ. ಗಾಳಿ ಸಾಲದ ಇಂಜಿನ್ನಿಗೆ ಮತ್ತಷ್ಟು ಡೀಸೆಲ್ ಕೊಟ್ಟರೆ ಹೊಗೆ ಹೆಚ್ಚೀತೇ ಹೊರತು ಶಕ್ತಿ ಬಾರದು; ಇಂಜಿನ್ನು ಕಾಯುವುದೂ ಹೆಚ್ಚಾಗುತ್ತದೆ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 10,000 ಲೀಟರ್ ಗಾಳಿ ಬೇಕು. 60 ಮಿ.ಮೀ. ಒಳವ್ಯಾಸದ ಕೊಳವೆ ಇದ್ದಲ್ಲಿ 50 ಮಿ.ಮೀ.ನದನ್ನು ಹಾಕಿದರೆ ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣದು. ಆದರೆ ಗಾಳಿ ಹಾಯುವ ಜಾಗ ಸುಮಾರು ಶೇ. 30ರಷ್ಟು ಕಡಿಮೆಯಾಗಿರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆಯದನ್ನು ಜೊತೆಗೊಯ್ದು ಕೊಳವೆಯ ಬಾಯಿ ಅಳೆದು ನೋಡುವುದು ಲೇಸು.

ದೋಷ ಏರ್ ಕ್ಲೀನರಿನದೇ ಎಂದು ತಿಳಿಯಲು ಸುಲಭ ಪರೀಕ್ಷೆಯಿದೆ. ದೂಳಿಲ್ಲದ ಕಡೆ ಟ್ರ್ಯಾಕ್ಟರ್ ನಿಲ್ಲಿಸಿ, ಗೇರು ಹಾಕದೆ ವೇಗ ಏರಿಸಿ ಹೊಗೆ ನೋಡಿರಿ. ಇಂಜಿನ್ನು ನಿಲ್ಲಿಸಿ, ಏರ್ ಕ್ಲೀನರಿನಿಂದ ಬರುವ ಹೋಸ್ ಪೈಪನ್ನು ಬಿಚ್ಚಿ, ಒಂದು ನಿಮಿಷ ಮಾತ್ರ ಮತ್ತೆ ಹಾಗೆಯೇ ಓಡಿಸಿರಿ. ಕೈ, ಬಟ್ಟೆ ಬಾಯಿಯ ಹತ್ತಿರ ಹೋಗಬಾರದು. ಹೊಗೆ ತಿಳಿಯಾದರೆ ಅಡ್ಡಿ ಏರ್ ಕ್ಲೀನರಿನಲ್ಲಿದೆ. ಹಾಗೆಯೇ ಉಳಿದರೆ ನಾಜಲ್ ಪರೀಕ್ಷಿಸಬೇಕು. ಟರ್ಬೊ ಇರುವ ಇಂಜಿನ್ನಿಗೆ ಈ ಪರೀಕ್ಷೆ ಬೇಡ.

ಆಯಿಲ್ ಬಾತ್ ಬಗೆಯದಾದರೆ ಬಟ್ಟಲಿನೊಳಗಿನ ಗುರುತಿನವರೆಗೆ ಮಾತ್ರ ಆಯಿಲ್ ಇರಲಿ. ಹೆಚ್ಚಾದರೆ ಇಂಜಿನ್ನು ಅದನ್ನೇ ಹೀರಿ ನೀಲಿ ಹೊಗೆ ಬಿಡುತ್ತದೆ. ಕೆಲವೊಮ್ಮೆ ವೇಗ ಹಿಡಿತ ತಪ್ಪುವುದೂ ಉಂಟು.

ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹಾನಿ ಮಾಡುವುದು ಯಾವ ದೂರೂ ಇಲ್ಲದ ಏರ್ ಕ್ಲೀನರ್. ಅಳತೆಗೆ ಕೂಡದ ಹೋಸ್ ಪೈಪಿಗೆ ತಂತಿ ಬಿಗಿದಿರುತ್ತಾರೆ. ಸಂದಿನಿಂದ ಗಾಳಿ ಧಾರಾಳವಾಗಿ ನುಗ್ಗುವುದರಿಂದ ಇಂಜಿನ್ನು ಚೆನ್ನಾಗಿಯೇ ಎಳೆಯುತ್ತದೆ, ಆದರೆ ದೂಳೂ ಒಳಗೆ ಹೋಗುತ್ತದೆ. ರೋಟವೇಟರ್ ಹೊಡೆಯುವಾಗ ಏಳುವ ದೂಳು ಪಿಸ್ಟನ್ ರಿಂಗು, ಲೈನರುಗಳನ್ನು ಉಜ್ಜುಕಲ್ಲಿನಂತೆ ಸವೆಸುತ್ತದೆ. ಇಂಜಿನ್ ಆಯಿಲ್ ಖರ್ಚಾಗತೊಡಗಿ, ಬ್ರೀದರಿನಿಂದ ಹೊಗೆ ಕಾಣುವ ಹೊತ್ತಿಗೆ ಇಂಜಿನ್ನು ಬಿಚ್ಚದೆ ಗತ್ಯಂತರವಿಲ್ಲ. ಇದನ್ನು ಮೊದಲೇ ಪತ್ತೆ ಮಾಡಲು ಏರ್ ಕ್ಲೀನರಿಗೂ ಇಂಜಿನ್ನಿಗೂ ನಡುವಿನ ಕೊಳವೆಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿರಿ. ಮಣ್ಣಿನ ಬಣ್ಣ ಹತ್ತಿದರೆ ಎಲ್ಲೋ ಸಂದಿದೆ ಎಂದರ್ಥ. ತಂತಿ ತೆಗೆದು ಸರಿಯಾದ ಕ್ಲಿಪ್ಪು ಹಾಕಬೇಕು; ಬಿರುಕು ಬಿಟ್ಟ ರಬ್ಬರನ್ನು ಬದಲಿಸಬೇಕು.

ಬೇಸಾಯಶಾಸ್ತ್ರದವನಿಗೆ ಇಂಜಿನ್ನಿನ ಉಸಾಬರಿ ಏಕೆಂದು ಕೇಳಬಹುದು. ಎರೆ ಭೂಮಿಯಲ್ಲಿ ಬಿತ್ತನೆಯ ಹದ ಕೆಲವೇ ದಿನ. ಆ ದಿನಗಳಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದರೆ ಯಾವ ಸುಧಾರಿತ ತಳಿಯೂ ಆ ನಷ್ಟ ತುಂಬಿಕೊಡದು. ಈ ತಪಾಸಣೆಯನ್ನು ಮುಂಗಾರಿಗೆ ಮೊದಲೇ ಮುಗಿಸಿರಿ.

ಪಂಪಿನ ಸೀಲು ಈಗಾಗಲೇ ಒಡೆದಿದ್ದರೆ, ಏರ್ ಕ್ಲೀನರ್ ಸರಿಪಡಿಸಿದ ಬಳಿಕ ಪಂಪನ್ನು ಪರೀಕ್ಷಾ ಯಂತ್ರವಿರುವ ಕಡೆ ಒಯ್ದು ಮೊದಲಿನ ಅಳತೆಗೆ ತರಿಸಬೇಕು.